ಸುಬೇದಾರರ ಬಲಗಿವಿ

ನಾನು ಒಂದು ಶ್ರವಣಯಂತ್ರ. ಸುಬೇದಾರ್ ಅಡಿವೆಪ್ಪ ಮುಗಳಿಯವರ ಬಲಗಿವಿಯೊಳಗೆ ತಣ್ಣನೆಯ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಅದು ಗಟ್ಟಿಯಾದ ಮೇಲೆ ಹೊರಗೆಳೆದು, ಆ ಅಚ್ಚಿನಂತೆ ನನ್ನನ್ನು ಮಾಡಿದರು. ಹಾಗಾಗಿ ಜಗತ್ತಿನಲ್ಲಿ ನಾನು ಕೂರಬಹುದಾದ ಜಾಗ ಒಂದೇ ಇತ್ತು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ತೋಪುಗಳ ಪಕ್ಕ ನಿಂತು ಬಂದವರು ಅವರು. ಎಡಗಿವಿ ಪೂರ್ತಿ ಸತ್ತಿತ್ತು. ನಾನಿಲ್ಲದಿದ್ದರೆ ಬಲಗಿವಿಯೂ ಅಷ್ಟೇ.

ನನ್ನನ್ನು ತೊಟ್ಟ ದಿನವೇ ಅವರು ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಗೆ ಹೋದರು.

"ಈಗ ಬೈರಿ ನೋಡೂಣು, ಎಲ್ಲಾ ಕೇಳಸ್ತೈತಿ!"

"ಹತ್ತು ವರ್ಷದಿಂದ ಬೈಯಾಕತ್ತೀವಲ್ರಿ ಸುಬೇದಾರ್ರ, ಹೊಸಾದು ಏನ್ ಉಳದೈತಿ?" ಎಂದ ಅಂಗಡಿಯ ಮಲ್ಲೇಶಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಸುಬೇದಾರರೇ.

ಅವರಿಗೆ ಜನ ಬೇಕು, ಜನರಿಗೆ ಅವರು ಬೇಕು. ಅಣ್ಣತಮ್ಮಂದಿರ ಗೋಡೆಯ ಜಗಳ, ಅತ್ತೆಸೊಸೆಯರ ಕಿರಿಕಿರಿ ಎಲ್ಲ ಆ ಬೆಂಚಿಗೆ ಬರುತ್ತಿದ್ದವು. ಸುಬೇದಾರರು ಬಲಗಿವಿ ವಾಲಿಸಿ, "ಸಾವಕಾಶ ಹೇಳ್ರಿ" ಎನ್ನುತ್ತಿದ್ದರು. ನೇಕಾರರ ಸಕ್ಕೂಬಾಯಿ ಗಂಡನ ಹೊಡೆತ ತಾಳಲಾರದೆ ಬಂದಾಗ ಅವಳ ಮನೆಗೇ ಹೋಗಿ, "ಇನ್ನೊಮ್ಮೆ ಕೈ ಎತ್ತಿದ್ರ ನಾ ಇಲ್ಲೇ ಬಂದು ಕುಂದರ್ತೀನಿ, ನೋಡು" ಎಂದು ಅವನ ಬೆವರಿಳಿಸಿದರು. ಅವನು ಮತ್ತೆ ಕೈ ಎತ್ತಲಿಲ್ಲ. ನನಗೂ ಹೆಮ್ಮೆಯಾಗಿತ್ತು.

ಆದರೆ ಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನನ್ನು ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ಅವರ ಹೆಂಡತಿ ಸಾಯುವವರೆಗೂ ಕೈಸನ್ನೆಯಲ್ಲೇ ಸಂಸಾರ ಮಾಡಿದಳು.

ಒಂದು ಮಧ್ಯಾಹ್ನ ಅಂಗಡಿಯಿಂದ ಬರುವಷ್ಟರಲ್ಲಿ ಮಗಳು ಕಸ್ತೂರಿ ಪಡಸಾಲೆಯಲ್ಲಿ ಚೀಲ ಹಿಡಿದು ಕೂತಿದ್ದಳು. ನಾನಿನ್ನೂ ಕಿವಿಯಲ್ಲೇ ಇದ್ದೆ. ಅವಳು ಬಲಕ್ಕೆ ಬಂದು ಸಣ್ಣ ದನಿಯಲ್ಲಿ ಹೇಳಿದಳು: "ಅಪ್ಪಾ, ಅವ್ರು ಬಾಳ ಬಡೀತಾರ. ನನ್ನ ವಾಪಸ್ ಕಳಸಬ್ಯಾಡ್ರಿ."

ಪ್ರತಿ ಅಕ್ಷರವನ್ನೂ ಒಳಗೆ ಮುಟ್ಟಿಸಿದೆ. ಆ ಕಿವಿಯಲ್ಲಿ ನೆತ್ತರು ದಬದಬ ಬಡಿದದ್ದೂ ನನಗೆ ತಿಳಿಯಿತು. ಆಮೇಲೆ ಅವರ ಬೆರಳು ಮೇಲೆ ಬಂತು.

"ಇದರ ಬ್ಯಾಟರಿ ಹೋಗೇತಿ ಯವ್ವಾ. ಮುಂಜಾನಿಂದ ಏನೂ ಕೇಳಸವಲ್ದು" ಎನ್ನುತ್ತ ನನ್ನನ್ನು ಕಿತ್ತರು. "ಅಳಿಯಾರು ಆರಾಮ ಅದಾರಲ್ಲಾ?"

ಬ್ಯಾಟರಿ ಹಿಂದಿನ ದಿನವಷ್ಟೇ ಹಾಕಿದ್ದು. ಊರಿನ ಸಂಸಾರಗಳನ್ನೆಲ್ಲ ಸರಿಮಾಡಿದವರ ಮನೆಯಲ್ಲೇ ಮಗಳು ಗಂಡನನ್ನು ಬಿಟ್ಟು ಬಂದು ಕೂತರೆ, ನಾಳೆ ಆ ಬೆಂಚಿನ ಮೇಲೆ ಯಾವ ಮುಖ ಇಟ್ಟುಕೊಂಡು ಕೂರುವುದು? ಕಸ್ತೂರಿ ಬಾಗಿಲಾಚೆ ನೋಡಿದಳು. ಅಂಗಳದಲ್ಲಿ ನೆರೆಯವರು ಶೇಂಗಾ ಸುಲಿಯುತ್ತಿದ್ದರು. ಅದು ಕೂಗಿ ಹೇಳುವ ಮಾತಾಗಿರಲಿಲ್ಲ. ಮರುದಿನ ಸುಬೇದಾರರೇ ಅವಳನ್ನು ಗಂಡನ ಮನೆಗೆಂದು ಧಾರವಾಡದ ಬಸ್ಸು ಹತ್ತಿಸಿದರು.

ಅವರು ತೀರಿಕೊಂಡಾಗ ಪೇಟೆ ಬಾಗಿಲು ಹಾಕಿತು. ಸಂತಾಪ ಸಭೆಯಲ್ಲಿ ಮಲ್ಲೇಶಿ, "ನಮ್ಮ ಸಂಕಟ ಕೇಳಾವ್ರು ಅವ್ರೊಬ್ರ ಇದ್ರು" ಎಂದ. ಸಕ್ಕೂಬಾಯಿ ಕಸ್ತೂರಿಯನ್ನು ತಬ್ಬಿಕೊಂಡು, "ಅಂಥಾ ಅಪ್ಪನ್ನ ಪಡದೀಯಲ್ಲವ್ವಾ, ಪುಣ್ಯವಂತಿ" ಎಂದಳು.

ಕಸ್ತೂರಿಯ ಎಡ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ ಅವಳೆಂದಳು: "ನಾನೂ ಒಮ್ಮೆ ಹೇಳಿದ್ನಿ ಅಕ್ಕಾ. ಅವತ್ತ ಮಷಿನ್ ಬ್ಯಾಟರಿ ಹೋಗಿತ್ತು. ಕೇಳಿಸಿದ್ರ ಅಪ್ಪ ನನ್ನ ಕಳಸ್ತಿದ್ದಿಲ್ಲ."

ಅಪ್ಪನ ವಸ್ತುಗಳನ್ನು ಹಂಚಿಕೊಳ್ಳುವಾಗ ಅವಳ ಅಣ್ಣ ಪದಕಗಳನ್ನು ತೆಗೆದುಕೊಂಡ. ಅವಳು ನನ್ನನ್ನು ಕೇಳಿ ಪಡೆದಳು. ಈಗ ನಾನು ಅವಳ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿದ್ದೇನೆ. ಗಂಡ ಹೊಡೆದ ದಿನ ಅವಳು ನನ್ನನ್ನು ತೆಗೆದು, ಸೆರಗಿನಿಂದ ಒರೆಸಿ, ಅಪ್ಪನ ಮೇಲಿನ ನಂಬಿಕೆಯನ್ನು ಇನ್ನಷ್ಟು ಗಟ್ಟಿಮಾಡಿಕೊಂಡು ಒಳಗಿಡುತ್ತಾಳೆ. ಬೇರೆಯವರ ಮಾತು ಮುಟ್ಟಿಸುವುದಷ್ಟೇ ನನ್ನ ಕಸುಬು, ಸ್ವಂತದ್ದೊಂದು ಮಾತು ಆಡಲು ನನಗೆ ಬರುವುದಿಲ್ಲ. ಬರುವುದಿಲ್ಲವೆಂದೇ ಅವಳ ಪಾಲಿಗೆ ಆ ಅಪ್ಪ ಇನ್ನೂ ಇದ್ದಾನೆ.