ಹನ್ನೊಂದು ಚೀಟಿಗಳು

ಅಕ್ಷರ ದುಂಡಗಿರುವುದೂ ಒಂದು ಶಾಪ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನು ಲಾಂಡ್ರಿಯೊಂದರ ಗುಮಾಸ್ತ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ನಮ್ಮಲ್ಲಿಗೆ ರಾಶಿ ರಾಶಿ ಬರುತ್ತದೆ. ಹನ್ನೊಂದು ಜನ ಅದನ್ನು ಹೊತ್ತು ತಂದು, ಒಗೆದು, ಒಣಗಿಸಿ, ಇಸ್ತ್ರಿ ಮಾಡುತ್ತಾರೆ. ಯಾವ ಮೂಟೆ ಎಲ್ಲಿಗೆ ಅಂತ ಬರೆದು ಅಂಟಿಸುವವನು ನಾನು.

ಎರಡು ವರ್ಷದ ಹಿಂದೆ ಯಜಮಾನರಿಗೆ ಒಂದು ಯೋಚನೆ ಬಂತು. ಕೆಲಸದವರು ಎದುರಿಗೆ ತಲೆಯಾಡಿಸುತ್ತಾರೆ, ಬೆನ್ನ ಹಿಂದೆ ಗೊಣಗುತ್ತಾರೆ, ಹೀಗಾದರೆ ಸಂಬಂಧ ಹೇಗೆ ಉಳಿದೀತು ಅಂತ. ಗೋಡೆಗೊಂದು ಬೀಗದ ಪೆಟ್ಟಿಗೆ ಹಾಕಿಸಿ, ಮನಸ್ಸಿನಲ್ಲಿರುವುದನ್ನು ಬರೆದು ಹಾಕಿ ಅಂದರು. ಒಂದು ತಿಂಗಳು ಅದರೊಳಗೆ ಧೂಳು ಬಿಟ್ಟರೆ ಏನೂ ಬೀಳಲಿಲ್ಲ. ಹೇಗೆ ಬೀಳುತ್ತದೆ? ಹಾಜರಿ ಪುಸ್ತಕದಲ್ಲಿ ದಿನಾ ಎಲ್ಲರೂ ತಮ್ಮ ಕೈಯಾರೆ ಬರೆಯುತ್ತಾರೆ, ಬರೆಯಲು ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಯಾರ ಅಕ್ಷರ ಯಾವುದು ಅಂತ ಯಜಮಾನರಿಗೆ ಬಾಯಿಪಾಠ.

ಸುಮ್ಮನಿರಲಾರದೆ ನಾನೇ ಒಂದು ದಾರಿ ಹೇಳಿದೆ. ಕೀಲಿ ನನ್ನ ಹತ್ತಿರ ಇರಲಿ. ಶನಿವಾರ ಶನಿವಾರ ಚೀಟಿಗಳನ್ನೆಲ್ಲ ನನ್ನ ಅಕ್ಷರದಲ್ಲಿ ನಕಲು ಮಾಡಿ ಯಜಮಾನರಿಗೆ ಕೊಡುತ್ತೇನೆ, ಮೂಲ ಚೀಟಿಗಳು ಬಾಯ್ಲರಿನ ಬೆಂಕಿಗೆ. ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ ಅಂತ ಹನ್ನೊಂದು ಜನರ ಎದುರು ಮಾತು ಕೊಟ್ಟೆ. ಯಜಮಾನರೂ ಒಪ್ಪಿದರು.

ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ನಡೆಯಿತು. ಒಣಗಿಸುವ ಕೋಣೆಗೆ ಫ್ಯಾನ್ ಬಂತು. ಇಸ್ತ್ರಿ ಮೇಜಿನವರಿಗೆ ಕೂರಲು ಸ್ಟೂಲು ಬಂತು. ಮುತ್ತು ಪೋಣಿಸಿದ ಹಾಗೆ ಬರೆಯುತ್ತೀಯ ಅಂತ ಯಜಮಾನರು ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ, ಮೂರ್ಖ.

ಆಮೇಲೆ ಬಂತು ಆ ಚೀಟಿ. 'ಇಸ್ತ್ರಿ ಮೇಜಿನ ಕೊಳವೆಯಿಂದ ಹಬೆ ಸೋರಿ ಕೈ ಸುಡುತ್ತಿದೆ. ಮೂರು ಸಲ ಬರೆದಾಯಿತು. ಯಜಮಾನರು ಒಂದು ಮಧ್ಯಾಹ್ನ ಇಲ್ಲಿ ಬಂದು ನಿಲ್ಲಲಿ. ಚರ್ಮ ಎಲ್ಲರದೂ ಒಂದೇ ಅಂತ ಗೊತ್ತಾಗುತ್ತದೆ.' ಸಾಲು ಮೇಲಕ್ಕೇರುತ್ತ ಹೋಗುವ ಆ ಬರವಣಿಗೆ ಇಸ್ತ್ರಿ ಮೇಜಿನಲ್ಲಿ ನಿಲ್ಲುವ, ನಾವೆಲ್ಲ ಇಸ್ತ್ರಿ ಅಕ್ಕ ಅನ್ನುವವಳದು. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ ಕೊಟ್ಟೆ.

ಯಜಮಾನರ ಮುಖ ಕೆಂಪಾಯಿತು. ಯಾರು ಬರೆದದ್ದು ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ.

"ಹೆಸರು ಹೇಳು. ಇಲ್ಲಾಂದ್ರೆ ಇದು ನಿಂದೇ ಅಂದ್ಕೋತೀನಿ. ಎರಡು ವರ್ಷದಿಂದ ನಾನು ಓದ್ತಿರೋದೆಲ್ಲ ನಿನ್ನ ಅಕ್ಷರಾನೇ ತಾನೆ?"

ನನ್ನ ಸಾಕ್ಷಿಯೆಲ್ಲ ಬಾಯ್ಲರಿನಲ್ಲಿ ಬೂದಿಯಾಗಿತ್ತು.

ಮಾರನೆಯ ದಿನ ಸ್ಟೂಲುಗಳು ವಾಪಸ್ ಉಗ್ರಾಣ ಸೇರಿದವು. ಯಜಮಾನರು ಕೆಲಸದ ಹಾಲಿಗೆ ಕಾಲಿಡುವುದನ್ನೇ ನಿಲ್ಲಿಸಿದರು. ಇತ್ತ ಹಾಲಿನಲ್ಲಿ ಗುಸುಗುಸು. ಯಜಮಾನರಿಗೆ ಇಷ್ಟು ದಿನ ಇಲ್ಲದ ಸಿಟ್ಟು ಈಗೆಲ್ಲಿಂದ ಬಂತು? ಗುಮಾಸ್ತನೇ ಉಪ್ಪು ಖಾರ ಹಚ್ಚಿರಬೇಕು. ನಡೆದದ್ದನ್ನು ಹೇಳಿದೆ, ಆಣೆ ಇಟ್ಟೆ. ಯಾರೂ ನಂಬಲಿಲ್ಲ.

ಆ ಶನಿವಾರ ಪೆಟ್ಟಿಗೆಯಲ್ಲಿ ಒಂದೇ ಚೀಟಿ. ಅದೇ ಮೇಲಕ್ಕೇರುವ ಸಾಲು. 'ಗುಮಾಸ್ತನನ್ನು ನಂಬಬೇಡಿ. ಅವನನ್ನು ಕೆಲಸದಿಂದ ತೆಗೆಯಿರಿ.'

ಯಾರ ಹೆಸರು ಬಾಯಿಗೆ ಬರದಂತೆ ಹಲ್ಲು ಕಚ್ಚಿದ್ದೆನೋ ಅವಳೇ! ಬೆಂಕಿಗೆ ಹಾಕಿದ್ದರೆ ಮುಗಿಯುತ್ತಿತ್ತು, ಕೇಳುವವರು ಯಾರು? ಆದರೆ ಆಗ ಅವಳು ಬರೆದದ್ದೇ ನಿಜವಾಗುತ್ತಿತ್ತು. ನಕಲು ಮಾಡಿದೆ. ಅಕ್ಷರ ಎಂದಿನಂತೆ ದುಂಡಗೆ ಬಂತು.

ಯಜಮಾನರು ಓದಿ ಕನ್ನಡಕ ತೆಗೆದರು. ದನಿ ಮೆತ್ತಗಾಗಿತ್ತು.

"ಕೊನೆಗೂ ಒಂದು ಚೀಟಿ ನಿಂದೇ ಅಂತ ಒಪ್ಕೊಂಡ್ಯಲ್ಲ. ಹೋಗೋ ಮನಸ್ಸಿದ್ರೆ ನೇರವಾಗಿ ಹೇಳ್ಬಾರದಾ? ಮುಂದಿನ ಶನಿವಾರದವರೆಗೂ ಇರು."

ಅದು ನನ್ನದಲ್ಲ, ನನಗೆ ಹೋಗುವ ಮನಸ್ಸಿಲ್ಲ, ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ ಅಂತ ಹೇಳುತ್ತಲೇ ಇದ್ದೆ. ಅವರು ಫೋನ್ ಎತ್ತಿಕೊಂಡರು.

ಸುದ್ದಿ ಹಬ್ಬಿತು. ಗುರುವಾರ ಇಸ್ತ್ರಿ ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಸುಟ್ಟ ಅಂಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು.

"ತಪ್ಪಾಯ್ತಪ್ಪಾ. ನಿನ್ನನ್ನೇ ತೆಗೆದ್ರು ಅಂದ್ಮೇಲೆ ನೀನು ಅವರ ಕಡೆಯವನಲ್ಲ ಅಂತ ಗೊತ್ತಾಯ್ತು. ನಾವೆಲ್ಲ ಬರೆದು ಹಾಕ್ತೀವಿ. ನೀನು ನಕಲು ಮಾಡಿ ಕೊಡು, ಸಾಕು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದುರಿಗೇ ಹೋಗಿ ಹೇಳಿ ಅಕ್ಕಾ ಅಂದೆ. ಅವಳು ನೆಲ ನೋಡಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದಾಗಲಿಲ್ಲ. ಅವಳಿಗೂ ಮನೆಯಿದೆ.

ಕೊನೆಯ ಶನಿವಾರ ಪೆಟ್ಟಿಗೆ ತೆರೆದೆ. ಹನ್ನೊಂದು ಚೀಟಿ. 'ಗುಮಾಸ್ತನನ್ನು ತೆಗೆಯಬೇಡಿ.' 'ಒಳ್ಳೆಯವನು, ಇರಲಿ.' ಬರೆಯಲು ಬಾರದ ಮೂಟೆ ಹೊರುವವನು ಕೂಡ ಯಾರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದ. ಕಣ್ಣು ಮಂಜಾಯಿತು. ಮೂಲ ಚೀಟಿಗಳನ್ನೇ ಕೊಟ್ಟುಬಿಟ್ಟರೆ ನನ್ನ ಕೆಲಸ ಉಳಿಯಬಹುದಿತ್ತು. ಆದರೆ ಮೇಲಕ್ಕೇರುವ ಸಾಲು ಯಾರದೆಂದು ಯಜಮಾನರಿಗೆ ಗೊತ್ತು. ಆ ಹೆಬ್ಬೆಟ್ಟು ಯಾರದೆಂದೂ ಗೊತ್ತು. ಮೊದಲೇ ಸಿಟ್ಟಿನಲ್ಲಿದ್ದವರು, ನನ್ನ ಪರ ಬರೆದವರನ್ನೂ ತೆಗೆದುಬಿಟ್ಟರೆ?

ಹನ್ನೊಂದನ್ನೂ ನಕಲು ಮಾಡಿದೆ. ಬಾಯ್ಲರಿನ ಬಾಗಿಲು ತೆಗೆದು ಮೂಲ ಚೀಟಿಗಳನ್ನು ಒಳಗೆ ಹಾಕಿ, ನಕಲುಗಳನ್ನು ಯಜಮಾನರ ಮುಂದಿಟ್ಟೆ.

ಅವರು ಮೊದಲನೆಯದನ್ನು ಓದಿದರು. ಎರಡನೆಯದನ್ನೂ ಓದಿದರು. ಉಳಿದದ್ದನ್ನು ಓದದೆ ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ, ಅಯ್ಯೋ ಪಾಪ ಅನ್ನುವ ಮುಖ.

"ಹನ್ನೊಂದು ಸಲ ಬರೀಬೇಕಿತ್ತೇನೋ?" ಅಂದರು. "ಬಾಯಿಬಿಟ್ಟು ಒಂದು ಸಲ ಕೇಳಿದ್ರೆ ಆಗ್ತಿರಲಿಲ್ವಾ?"

ಆಮೇಲೆ ಪೆಟ್ಟಿಗೆಯ ಕೀಲಿಗೆ ಕೈ ಚಾಚಿದರು. ಕೊಟ್ಟೆ.