ಬಾಯಿ ಜೋರಿನ ಮರಿ

ಗಂಡ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಟೈಲರಕ್ಕ ನಾಯಿಮರಿ ಸಾಕುತ್ತೇನೆ ಅಂದದ್ದೇ ತಡ, ಅವಳ ಅಣ್ಣ ಕಾರು ತಂದು ನಿಲ್ಲಿಸಿದ. ಪೇಟೆಯ ಅಂಗಡಿಯಲ್ಲಿ ಒಳ್ಳೆ ಜಾತಿಯ ಮರಿಯೊಂದನ್ನು ಆಗಲೇ ನೋಡಿಟ್ಟಿದ್ದ; ಅವಳನ್ನು ಅಲ್ಲಿಗೇ ಕರೆದೊಯ್ದ. ಅದು ಗಾಜಿನ ಪೆಟ್ಟಿಗೆಯೊಳಗೆ ಉಣ್ಣೆಯುಂಡೆಯ ಹಾಗೆ ಮುದುಡಿಕೊಂಡಿತ್ತು.

“ಇದು ಸದ್ದೇ ಮಾಡಲ್ಲ. ನಿನಗೆ ಸರಿಹೋಗುತ್ತೆ,” ಅಂದ ಅಣ್ಣ.

“ಇದರ ತಾಯಿ ಎಲ್ಲಿದೆ?” ಅಂತ ಅವಳು ಕೇಳಿದಳು. ಅಂಗಡಿಯವನು ಮಾತು ತೇಲಿಸಿದ. ಅವಳು ಹೊರಗೆ ಬಂದು, ಬೀದಿನಾಯಿಗಳ ಆಶ್ರಯಕ್ಕೆ ಕಾರು ತಿರುಗಿಸು ಅಂದಳು.

ಅಲ್ಲಿ ಕಂದು ಬಣ್ಣದ ಹೆಣ್ಣುಮರಿಯೊಂದು ಅಣ್ಣನನ್ನು ಕಂಡದ್ದೇ ಬೊಗಳತೊಡಗಿತು. “ಬಾಯಿ ಜೋರು ಅಂತ ಎರಡು ಮನೆಯವರು ವಾಪಸ್ ತಂದುಬಿಟ್ಟರು,” ಅಂದಳು ಅಲ್ಲಿ ಮರಿಗಳನ್ನು ನೋಡಿಕೊಳ್ಳುವ ಹೆಂಗಸು.

“ನನಗೆ ಇದೇ ಇರಲಿ,” ಅಂದಳು ಟೈಲರಕ್ಕ.

“ತಲೆ ಕೆಟ್ಟಿದೆಯಾ ನಿನಗೆ? ಇಂಥ ಬಾಯಿಬಡುಕಿಯನ್ನ ಕಟ್ಟಿಕೊಂಡರೆ ಅಕ್ಕಪಕ್ಕದವರು ಏನಂತಾರೆ?”

“ಅಣ್ಣಾ, ಚಿಕ್ಕವಳಿದ್ದಾಗ ಬಾಯಿ ಮುಚ್ಚು ಅಂತ ನೀನಂದೆ. ಮದುವೆಯಾದ ಮೇಲೆ ಅವರಂದರು. ಮುಚ್ಚಿದ್ದು ಸಾಕು. ನನ್ನ ಮನೇಲಿ ಬೊಗಳೋಕೆ ಯಾರ ಅಪ್ಪಣೆಯೂ ಬೇಡ.”

ಅಣ್ಣ ಮುಖ ಗಂಟು ಹಾಕಿಕೊಂಡು ಕಾರು ಓಡಿಸಿದ. ಮರಿ ಅವಳ ಮಡಿಲಲ್ಲಿ ನಿಂತು, ದಾರಿಯುದ್ದಕ್ಕೂ ಅವನ ಕಿವಿಯ ಹತ್ತಿರವೇ ಬೊಗಳಿತು. ಅವಳು ಒಮ್ಮೆಯೂ ಅದನ್ನು ಸುಮ್ಮನಿರಿಸಲಿಲ್ಲ.