ತಲೆಗೊಂದು ಮಾತು

ದೊಡ್ಡಮ್ಮನ ಕಾಲದ ಶನಿವಾರದ ಇಂಗ್ಲಿಷ್ ಗುಂಪನ್ನು ಅಕ್ಕ ಮತ್ತೆ ಶುರು ಮಾಡುತ್ತಾಳಂತೆ ಅಂತ ಕಿವಿಗೆ ಬಿದ್ದದ್ದೇ ತಡ, ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಟೈರ್ ಅಂಗಡಿಯಿಂದ ಕೈ ಕೂಡ ತೊಳೆಯದೆ ಹೊರಟ. ಮನೆಯಲ್ಲಿ ಅವನನ್ನು ಕರೆಯುವುದೇ ಸಿಡಿಮದ್ದು ಅಂತ. ಓದು ಹನ್ನೆರಡನೇ ವಯಸ್ಸಿಗೇ ನಿಂತವನು. ತಾನೇ ಬಿಟ್ಟೆ ಅನ್ನುವುದೂ ಉಂಟು, ಬಿಡಿಸಿದರು ಅನ್ನುವುದೂ ಉಂಟು, ಆ ದಿನ ಸಿಟ್ಟು ಯಾರ ಕಡೆ ತಿರುಗಿದೆ ಅನ್ನುವುದರ ಮೇಲೆ.

ಗುಂಪು ಕೂಡುತ್ತಿದ್ದದ್ದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಬಾಗಿಲು ತಳ್ಳಿದರೆ ಅದೇ ವಾಸನೆ: ಅಗ್ಗದ ಸೋಪು, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಕೂತಾಗ ಬುಸ್ಸೆಂದು ಏಳುವ ಹಬೆ. ಜಗಳಕ್ಕೆ ಬಂದವನು ಹೊಸ್ತಿಲಲ್ಲೇ ನಿಂತ.

ದುಡಿಯಲಿಕ್ಕೆ ಅಂತ ಈ ಪರದೇಶಕ್ಕೆ ಬಂದವರ ಮಕ್ಕಳು ಆ ಗುಂಪಿನವರೆಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಲ್ಲಿಯವರ ಭಾಷೆ. ಇಂಗ್ಲಿಷ್ ಎಲ್ಲೂ ಕಿವಿಗೆ ಬೀಳುತ್ತಿರಲಿಲ್ಲ, ದೊಡ್ಡ ಶಾಲೆಯ ಬಾಗಿಲು ಮಾತ್ರ ಇಂಗ್ಲಿಷಿಗೇ ತೆರೆಯುತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ದೊಡ್ಡಮ್ಮ ಶನಿವಾರ ಮಧ್ಯಾಹ್ನ ಬೀದಿಯ ಮಕ್ಕಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಬಟ್ಟೆಗಂಟುಗಳ ಮೇಲೆ ಸುತ್ತ ಕೂರಿಸುತ್ತಿದ್ದಳು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ. ಯಾವ ಮಗುವಿನ ಹತ್ತಿರವೂ ಪೂರ್ತಿ ಒಂದು ವಾಕ್ಯಕ್ಕಾಗುವಷ್ಟು ಸರಕಿರಲಿಲ್ಲ. ಅದಕ್ಕೇ ಅವಳ ಕಟ್ಟಳೆ, ತಲೆಗೊಂದು ಮಾತು. ಒಬ್ಬ ಶುರು ಮಾಡಿದರೆ ಮುಂದಿನ ಪದ ಪಕ್ಕದವಳದು, ಅದರ ಮುಂದಿನದು ಅವಳ ಪಕ್ಕದವನದು. ಒಬ್ಬ ಟಿವಿಯಿಂದ ಕದ್ದು ತಂದಿರುತ್ತಿದ್ದ, ಒಬ್ಬಳು ಬಿಸ್ಕತ್ತಿನ ಪೊಟ್ಟಣದಿಂದ. ಸುತ್ತು ಮುಗಿಯುವಷ್ಟರಲ್ಲಿ ಯಾವುದೋ ಮುದಿ ನಾಯಿ ಸೋಪು ತಿಂದು ಪೊಲೀಸನನ್ನು ಮದುವೆಯಾಗಿರುತ್ತಿತ್ತು. ನಕ್ಕು ನಕ್ಕು ಗಂಟಿನ ಮೇಲಿಂದ ಉರುಳುತ್ತಿದ್ದರು. ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತ, ಯಾರದೋ ಅಂಗಿ ಸುಟ್ಟೀತು ಅಂತ ಇಸ್ತ್ರಿಪೆಟ್ಟಿಗೆ ಎತ್ತಿಡುತ್ತಿದ್ದಳು. ಅಂಥ ನಗು ಆಮೇಲೆ ತಮ್ಮನ ಪಾಲಿಗೆ ಬರಲಿಲ್ಲ.

ಬಂದದ್ದು ದೊಡ್ಡ ಶಾಲೆಯ ಸಂದರ್ಶನ. ನಿನ್ನ ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅಂದರು ಮೇಷ್ಟ್ರು. ಅವನು 'ಮೈ' ಅಂದ. ಅಂದು, ರೂಢಿಯಂತೆ ಬಲಗಡೆ ತಿರುಗಿದ. ಬಲಗಡೆ ಗೋಡೆ. ತನ್ನ ಪಾಲಿನದು ಮುಗಿದಿದೆ, ಇನ್ನು ಪಕ್ಕದವರು ಹೇಳಲಿ ಅಂತ ಕಾದ. ಮೇಷ್ಟ್ರೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಮುಂದಿನ ಹುಡುಗನನ್ನು ಕರೆದರು.

ಈಗ ಅದೇ ಶಾಲೆಯ ಸಂದರ್ಶನಕ್ಕೆ, ಬರುವ ತಿಂಗಳು, ಅಕ್ಕನ ಮಗಳು ಹೋಗಬೇಕು. ಗೇಣುದ್ದ ಇರುವ ಅವಳಿಗೆ ಎಲ್ಲರೂ ಚಟಾಕು ಅನ್ನುತ್ತಾರೆ.

ಅಕ್ಕ ಗಂಟುಗಳನ್ನು ಎಳೆದೆಳೆದು ಸುತ್ತ ಜೋಡಿಸುತ್ತಿದ್ದಳು.

"ನನ್ನನ್ನ ಅರ್ಧಂಬರ್ಧ ಮಾಡಿದ್ದು ಇದೇ ಆಟ ಕಣೇ," ಅಂದ ತಮ್ಮ. "ಚಟಾಕನ್ನೂ ಹಾಗೆ ಮಾಡ್ಬೇಡ."

ಅಕ್ಕ ತಲೆ ಎತ್ತಲಿಲ್ಲ. "ಒಬ್ಬಳನ್ನೇ ಕೂರಿಸಿ ಹೇಳ್ಕೊಟ್ಟು ನೋಡಿದೀನಿ, ತುಟಿ ಪಿಟಕ್ ಅನ್ನಲ್ಲ. ನೀನೂ ಅಂತಿರಲಿಲ್ಲ. ಆ ಒಂದು 'ಮೈ' ಆದ್ರೂ ಎಲ್ಲಿಂದ ಬಂತೋ ನಿನಗೆ?"

ಅವನಿಗೆ ಇನ್ನೂ ಸಿಟ್ಟು ಬಂತು. ಹೋಗಿ ಬಾಗಿಲಿಗೆ ಒರಗಿದ. ಅಷ್ಟರಲ್ಲಿ ಮಕ್ಕಳು ನುಗ್ಗಿದವು. ಸುತ್ತು ಶುರುವಾಯಿತು, ಈ ಸಲ ಒಂದು ಸಿಂಹ ಹಲ್ಲುಜ್ಜಲು ಬಸ್ ಹತ್ತಿತು. ಬಾಗಿಲಿಗೆ ಒರಗಿದ್ದವನಿಗೂ ನಗು ಬಂದುಬಿಟ್ಟಿತು, ಕೆಮ್ಮಿ ಮುಚ್ಚಿಕೊಂಡ.

ಸುತ್ತು ಮುಗಿದ ಮೇಲೆ ನಡುವೆ ಹೋಗಿ ನಿಂತ. ಇನ್ನು ಮೇಲೆ ಆಟ ಇಲ್ಲಿಗೇ ಮುಗಿಯುವುದಿಲ್ಲ, ಕೊನೆಗೆ ಒಬ್ಬೊಬ್ಬರೇ ನಡುವೆ ನಿಂತು ತಮಗೆ ತೋಚಿದ್ದನ್ನು ಪೂರ್ತಿ ಹೇಳಬೇಕು, ಬೇರೆ ಯಾರಾದರೂ ಬಾಯಿ ಹಾಕಿದರೆ ಎಬ್ಬಿಸಿ ಆಚೆ ಕಳಿಸುತ್ತೇನೆ ಅಂದ. ಮಕ್ಕಳು ಅಕ್ಕನ ಮುಖ ನೋಡಿದವು. ಆಗಲಿ ಅಂದಳು ಅಕ್ಕ.

ಮೊದಲು ಎದ್ದದ್ದು ಚಟಾಕು. "ಮೈ ಅಂಕಲ್ ಈಸ್," ಅಂದಳು. ಅಲ್ಲಿಗೇ ನಿಲ್ಲಿಸಿದಳು. ಪಕ್ಕಕ್ಕೆ ತಿರುಗಿದಳು.

ಸುತ್ತ ಕೂತ ಮಕ್ಕಳ ತುಟಿಗಳೆಲ್ಲ ಚಡಪಡಿಸುತ್ತಿದ್ದವು, ಆದರೂ ಯಾರೂ ಉಸಿರೆತ್ತಲಿಲ್ಲ. ಅವಳ ಕತ್ತಿನ ಆ ತಿರುವು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಹಾಕಿದವರನ್ನು ಆಚೆ ಕಳಿಸುತ್ತೇನೆ ಅಂದಿದ್ದವನೇ ತಡೆಯಲಾರದೆ ಮೆಲ್ಲಗೆ "ಗುಡ್" ಅಂದುಬಿಟ್ಟ.

ಚಟಾಕು ಹುಬ್ಬು ಗಂಟಿಕ್ಕಿ ಅವನ ಕಡೆ ನೋಡಿದಳು.

"ಸುಮ್ನಿರು ಮಾವ, ಯೋಚನೆ ಮಾಡ್ತಿದೀನಿ." ಆಮೇಲೆ ಎದುರಿಗೆ ನೋಡುತ್ತ ಒಂದೇ ಉಸಿರಿಗೆ, "ಮೈ ಅಂಕಲ್ ಈಸ್ ಆಂಗ್ರಿ ಎವೆರಿ ಡೇ," ಅಂದಳು.

ಮಕ್ಕಳೆಲ್ಲ ಹೋ ಅಂದವು. ಅವಳು ನಿಲ್ಲಿಸಲಿಲ್ಲ, ಮಾವನ ಕರಿ ಕೈ, ಮಾವನ ಗೊರಕೆ ಅಂತ ತಪ್ಪೋ ಸರಿಯೋ ಹೇಳುತ್ತಲೇ ಹೋದಳು. ಬಾಯಿ ಹಾಕಿದ್ದಕ್ಕೆ ಸಿಡಿಮದ್ದನ್ನು ಆಚೆ ಕಳಿಸಲೇಬೇಕು ಅಂತ ಹಿಂದಿನಿಂದ ಒಬ್ಬ ಹಟ ಹಿಡಿದ. ತಮ್ಮ ಹೊಸ್ತಿಲಾಚೆ ಹೋಗಿ ನಿಂತ, ಬಾಗಿಲು ಮಾತ್ರ ಎಳೆದುಕೊಳ್ಳಲಿಲ್ಲ.